‘ಕೆಲಸ ಬಿಡು’ ಅನ್ನಬ್ಯಾಡ್ರಿ, ಕೂಡ್ಲಾಕ ಒಂದು ಖುರ್ಚಿ ಕೊಡ್ರಿ



ಭಾಳ ದಿನ ಆಯ್ತು ಬರೀಲಾರದ. ಕಾರಣ ಒಂದೇ ಮಾತಿನ್ಯಾಗ ಹೇಳಿಬಿಡ್ತೀನಿ: ನನಗ ಎಂಟು ತಿಂಗಳಾಗ್ಯಾವ. ಚೊಚ್ಚಲ ಬಸರು. ಹೋಳಿ ಹುಣ್ಣಿವಿ ಆಜುಬಾಜು ಅಂತ ಡಾಕ್ಟ್ರು ತಾಯಿ ಕಾರ್ಡಿನ ಮ್ಯಾಲ ತಾರೀಖು ಬರದು ಕೊಟ್ಟಾರ. ಈಗ ಸಂಜಿ ಹೊತ್ತು, ಅಂಗಳದಾಗ ಖುರ್ಚಿ ಹಾಕ್ಕೊಂಡು, ಬಾತ ಕಾಲು ಸ್ಟೂಲಿನ ಮ್ಯಾಲ ಇಟ್ಟು ಬರೀಲಾಕತ್ತೀನಿ. ಪಕ್ಕದ ಕೋಣಿಯೊಳಗ ನಮ್ಮನಿಯವ್ರ ಹಿಟ್ಟಿನ ಗಿರಣಿ ನಡದದ. ಗಿರಣಿ ಶುರು ಆದ್ರ ಸಾಕು, ಹೊಟ್ಟಿಯೊಳಗಿಂದು ಒದೀತದ. ‘ಜ್ವಾಳ ಬೀಸೋ ಸಪ್ಪಳಕ್ಕ ಈಗಿಂದ್ಲೇ ಎಚ್ಚರ ಆಗ್ತದ, ನಮ್ಮ ಗಿರಣಿ ನಡಸ್ಲಾಕ ಒಬ್ರು ಸಿಕ್ರು’ ಅಂತ ನಮ್ಮನಿಯವ್ರು ಗಿರಾಕಿಗೋಳ ಮುಂದ ಹೇಳ್ಕೋತ ನಗ್ತಾರ.

ಇವತ್ತ ಬರೀಬೇಕಂದದ್ದು ಒಂದು ವಾದ. ನನ್ನ ಕುಬಸದ ದಿನ ಶುರು ಆಗಿದ್ದು ಇದು, ಇನ್ನಾ ಮುಗದಿಲ್ಲ.

ಏಳು ತಿಂಗಳಿಗಿ ಕುಬಸ ಮಾಡಿದ್ರು. ಹಸರ ಸೀರಿ, ಎರಡೂ ಕೈ ತುಂಬ ಹಸರ ಬಳಿ, ಉಡಿ ತುಂಬಿದ್ರು. ತವರಿನಿಂದ ಅವ್ವ ಐದು ನಮೂನಿ ಪಲ್ಯ, ಮಾಲ್ದಿ, ಹೋಳಿಗಿ ಕಟ್ಕೊಂಡು ಬಂದಿದ್ಳು. ಆರತಿ ಮುಗದು ಎಲ್ಲಾರೂ ಉಣ್ಲಾಕ ಕುಂತಾಗ ನಮ್ಮ ಕಡಿ ಒಬ್ಬ ಕಾಕು ಅಂದ್ರು, ‘ಇನ್ನ ಸಾಲಿ ಸಾಕು ಮಾಡವ್ವಾ. ಗಂಡಗ ಗಿರಣಿ ಅದ, ಐದು ಎಕರೆ ಹೊಲ ಅದ. ಕೂಸು ಮುಖ್ಯನೋ ಪಗಾರ ಮುಖ್ಯನೋ?’ ಅವರ ಎದುರಿಗಿ ಕುಂತಿದ್ದ ಇನ್ನೊಬ್ಬ ಆಯಿ ತಕ್ಷಣ ಉಲ್ಟಾ ಹೊಡದ್ರು: ‘ಯಾಕ ಬಿಡಬೇಕು? ನಾವು ಒಂಬತ್ತು ತಿಂಗಳ ತನಕ ಕಳಿ ತಗದೀವಿ, ಬದುವಿನ ಮ್ಯಾಲ ಹಡದೀವಿ. ಈಗಿನ ಹುಡಗ್ಯಾರಿಗೇನು ಧಾಡಿ?’

ಒಬ್ಬರು ಬಿಡು ಅಂತಾರ, ಒಬ್ಬರು ಬಾಯಿ ಮುಚ್ಚಿ ಮಾಡು ಅಂತಾರ. ಇಬ್ಬರೂ ನನ್ನ ಮ್ಯಾಲಿನ ಪ್ರೀತಿಲೇ ಅಂದದ್ದು, ಅದ್ರಾಗ ಸಂಶೇವಿಲ್ಲ. ಆದ್ರ ಇಬ್ಬರದೂ ತಪ್ಪು ಅಂತ ನನ್ನ ಅಭಿಪ್ರಾಯ. ಬಸರಿ ಹೆಣ್ಣುಮಗಳಿಗಿ ಕೆಲಸ ಬಿಡಸೋದೂ ಬ್ಯಾಡ, ಕೆಲಸದಾಗ ಅಕಿನ್ನ ಸಾಯಿಸೋದೂ ಬ್ಯಾಡ. ಈ ಎರಡರ ನಡಕ ಒಂದು ಖುರ್ಚಿ ಇರ್ತದ. ಅದನ್ನ ಕೊಡ್ರಿ ಅನ್ನೋದಿಷ್ಟೇ.

ಇದು ಹ್ಯಾಂಗ ತಿಳೀತು ಅನ್ನೋದು ಹೇಳ್ತೀನಿ. ಮೊದಲ ನನ್ನ ಶ್ಯಾಣ್ಯಾತನದ ಕಥಿ.

ನಾನು ಯಡ್ರಾಮಿ ಸಮೀಪದ ಒಂದು ಹಳ್ಳಿಯೊಳಗ ಸರಕಾರಿ ಪ್ರಾಥಮಿಕ ಸಾಲಿ ಟೀಚರ್. 371(ಜೆ) ಮೀಸಲಾತಿಯೊಳಗ ಸಿಕ್ಕ ನೌಕರಿ. ನಮ್ಮ ಸಾಲ್ಯಾಗ ವಾರಕ್ಕೊಮ್ಮಿ ಮಕ್ಕಳಿಗಿ ಕಬ್ಬಿಣಾಂಶದ ಗುಳಿಗಿ ಕೊಡೋದು ನನ್ನ ಜವಾಬ್ದಾರಿ. ‘ನುಂಗು, ಬಾಯಿ ತೆರದು ತೋರಿಸು’ ಅಂತ ಒಬ್ಬೊಬ್ಬರಿಗಿ ನಿಂದ್ರಿಸಿ ನುಂಗಸ್ತೀನಿ. ರಕ್ತಹೀನತೆ ಅಂದ್ರೇನು ಅಂತ ಬೋರ್ಡಿನ ಮ್ಯಾಲ ಬರದು ಪಾಠ ಮಾಡ್ತೀನಿ. ಅಂಥಾಕಿ ನಾನು, ಬಸರಿ ಆದ ಮ್ಯಾಲ ನನಗ ಕೊಟ್ಟ ಗುಳಿಗಿ ಏನ ಮಾಡಿದ್ದೆ? ಅಡುಗಿ ಮನಿ ಮಾಡದಾಗ ಸಕ್ರಿ ಡಬ್ಬಿ ಹಿಂದ ಇಟ್ಟಿದ್ದೆ. ನುಂಗಿದ್ರ ವಾಂತಿ ಬರ್ತದ, ಹೊಟ್ಟಿ ಕಟ್ತದ ಅಂತ ನೆವ. ನುಂಗಿದ ಒಂದೆರಡು ದಿನಾನೂ ಚಾ ಕುಡಕೋತ ನುಂಗಿದ್ದೆ.

ದಸರಾ ರಜಾ ಮುಗದು ಸಾಲಿ ಶುರು ಆದಾಗ ನನಗ ಐದನೇ ತಿಂಗಳು. ಒಂದು ವಿಚಿತ್ರ ಬಯಕಿ ಹತ್ತಿತು. ಹುಣಸಿಕಾಯಿ ಅಲ್ಲ, ಪುಂಡಿ ಪಲ್ಯ ಅಲ್ಲ, ಚಾಕ್‌ಪೀಸ್! ಎರಿ ಭೂಮಿ ಮ್ಯಾಲ ಮಳಿ ಬಿದ್ದ ವಾಸನಿಗಿ ಬಾಯಾಗ ನೀರು ಬರ್ತಿತ್ತು. ಸಾಲ್ಯಾಗ ಚಾಕ್‌ಪೀಸ್ ಡಬ್ಬಿ ಕೈಯಾಗೇ ಇರ್ತದ. ಬೋರ್ಡ್ ಕಡಿ ತಿರುಗಿ ಒಂದು ತುಣುಕು ಬಾಯಿಗಿ ಹಾಕ್ಕೋತಿದ್ದೆ. ಯಾರೂ ನೋಡಿಲ್ಲ ಅಂತ ತಿಳದಿದ್ದೆ. ಮೂರನೇತ್ತೆ ಹುಡುಗಿ ಒಬ್ಬಾಕಿ ನೋಡಿದ್ಳು. ಮನಿಗಿ ಹೋಗಿ ‘ನಮ್ಮ ಟೀಚರ್ ಚಾಕ್‌ಪೀಸ್ ತಿಂತಾರ’ ಅಂತ ಹೇಳ್ಯಾಳ. ಅಕಿ ದೊಡ್ಡವ್ವ ಆ ಊರಿನ ಆಶಾ ಕಾರ್ಯಕರ್ತೆ.

ಮರುದಿನ ಮಧ್ಯಾಹ್ನ ಬಿಸಿಯೂಟದ ಹೊತ್ತಿಗಿ ಆಶಾ ಅಕ್ಕ ಸಾಲಿಗೇ ಬಂದ್ರು. ಎಲ್ಲರ ಮುಂದ ಏನೂ ಅನ್ಲಿಲ್ಲ. ಬಾಜು ಕರದು, ನನ್ನ ಕಣ್ಣಿನ ಕೆಳಗಿನ ರೆಪ್ಪಿ ಜಗ್ಗಿ ನೋಡಿ, ಉಗುರು ನೋಡಿ, ‘ಟೀಚರ್, ಇದು ಬಯಕಿ ಅಲ್ರಿ, ರಕ್ತ ಕಮ್ಮಿ ಆಗ್ಯಾದ. ಮಣ್ಣು, ಸುಣ್ಣ ತಿನಬೇಕನಸೋದು ಅದರದೇ ಗುರ್ತು. ನಾಳಿ ನನ್ನ ಜೋಡಿ ದವಾಖಾನಿಗಿ ಬರ್ರಿ’ ಅಂದ್ರು. ರಕ್ತ ತಪಾಸಣಿ ಮಾಡ್ಸಿದ್ರ ಹಿಮೊಗ್ಲೋಬಿನ್ 8.4. ಬಸರ್ಯಾರಿಗಿ 11ರ ಕೆಳಗ ಹೋಗಬಾರದು. ಇನ್ನಾ ಕೆಳಗಿಳದು ಹಡಿಯೋ ಹೊತ್ತಿನ್ಯಾಗ ರಕ್ತ ಭಾಳ ಹೋದ್ರ ತಾಯಿ ಜೀವಕ್ಕೂ ಅಪಾಯ, ಕೂಸು ತೂಕ ಕಮ್ಮಿ ಹುಟ್ಟೋದು, ದಿನ ತುಂಬೋದ್ರೊಳಗ ಹುಟ್ಟೋದು ಆಗ್ತದ. ಡಾಕ್ಟ್ರು ಕಬ್ಬಿಣಾಂಶದ ಸಲೈನ್ ನಾಕು ಸಲ ಹಾಕಿದ್ರು. ಗುಳಿಗಿ ಚಾ ಜೋಡಿ ತಗೋಬಾರದು, ಚಾ ಕುಡದ್ರ ಕಬ್ಬಿಣಾಂಶ ಮೈಗಿ ಹತ್ತಲ್ಲ, ನಿಂಬಿಹಣ್ಣಿನ ನೀರಿನ ಜೋಡಿ ತಗೋ ಅಂತ ಆಶಾ ಅಕ್ಕ ಹೇಳಿಕೊಟ್ರು. ವಾಂತಿ ಬರ್ತಿದ್ರ ರಾತ್ರಿ ಉಂಡ ಮ್ಯಾಲ ತಗೋ ಅಂದ್ರು. ಇಷ್ಟು ಸಣ್ಣ ಮಾತು. ಬಿ.ಎಡ್. ಮಾಡಿದಾಕಿಗಿ ಗೊತ್ತಿರಲಿಲ್ಲ.

ಮೊನ್ನಿ ತಪಾಸಣಿಯೊಳಗ 10.6 ಬಂದದ. ಚಾಕ್‌ಪೀಸ್ ಈಗ ಬರೀಲಾಕಷ್ಟೇ.

ಇನ್ನ ಅತ್ತಿಯವರ ಮಾತು.

8.4 ಬಂದ ದಿನ ರಾತ್ರಿ ನಾನು ಅಂಜಿ ಅಳಕೋತ ಕುಂತಿದ್ದೆ. ‘ನಾಳಿಂದ ಸಾಲಿಗಿ ಹೋಗಲ್ಲ, ರಜಾ ಹಾಕಿಬಿಡ್ತೀನಿ, ಪಗಾರ ಇಲ್ಲದಿದ್ರೂ ನಡೀತದ’ ಅಂದೆ. ನಮ್ಮನಿಯವ್ರು ಹೂಂ ಅಂದ್ರು. ಅತ್ತಿ ರೊಟ್ಟಿ ಬಡಿಯೋದು ನಿಲ್ಲಸಿ, ಕೈ ಒರಸ್ಕೊಂಡು ನನ್ನ ಬಾಜು ಕುಂತ್ರು. ಮದಿವ್ಯಾಗಿ ಮೂರು ವರ್ಷದಾಗ ನನಗ ಗೊತ್ತಿರಲಾರದ ಒಂದು ಮಾತು ಅವತ್ತ ಹೇಳಿದ್ರು.

ನಮ್ಮನಿಯವ್ರಕ್ಕಿಂತ ಮೊದಲ ಅವರಿಗಿ ಒಂದು ಗಂಡುಕೂಸು ಹುಟ್ಟಿತ್ತಂತ. ಆಗ ಇವರಿಗಿ ಸ್ವಂತ ಹೊಲ ಇರಲಿಲ್ಲ. ಬ್ಯಾರೆಯವರ ಹೊಲದಾಗ ಕೂಲಿ. ಎಂಟು ತಿಂಗಳ ಬಸರಿ, ತೊಗರಿ ರಾಶಿ ಕಾಲ. ಮುಂಜಾನಿ ಅರ್ಧ ರೊಟ್ಟಿ ತಿಂದು ಹೋದಾಕಿ ಮಧ್ಯಾಹ್ನದ ತನಕ ನಿಂತು ತೊಗರಿ ಬಡದಾರ. ಬ್ಯಾನಿ ಬಂತು ಅಂದ್ರ ಮೊದಲ ಯಾರೂ ನಂಬಲಿಲ್ಲಂತ, ಕೆಲಸ ತಪ್ಪಸ್ಲಾಕ ಆಟ ಹೂಡ್ತಾಳ ಅಂದ್ರಂತ. ಬಂಡಿ ಕಟ್ಟಿ ಯಡ್ರಾಮಿಗಿ ತರೂದ್ರೊಳಗ ಹಾದಿಯೊಳಗೇ ಹಡದ್ರು. ಕೂಸು ಒಂದು ರಾತ್ರಿ ಇತ್ತು. ಆಗ ಯಡ್ರಾಮಿ ತಾಲ್ಲೂಕೂ ಆಗಿರಲಿಲ್ಲ, ಜೇವರ್ಗಿ ತಾಲ್ಲೂಕಿನ್ಯಾಗಿತ್ತು. 108 ಅನ್ನೋದು ಇರಲಿಲ್ಲ, ಆಶಾ ಅನ್ನೋವರು ಇರಲಿಲ್ಲ.

ಇಷ್ಟು ಹೇಳಿ ಅತ್ತಿ ಅಂದ್ರು, ‘ಕೆಲಸ ನನ್ನ ಕೂಸಿನ್ನ ತಿಂದಿಲ್ಲ ಯವ್ವಾ. ಹಸದ ಹೊಟ್ಟಿಲಿ ನಿಂದ್ರಿಸಿ ಮಾಡಿಸಿದ್ರಲ್ಲ, ಅದು ತಿಂದದ. ಅವತ್ತ ಒಬ್ಬರರೆ, ಕೂಡವ್ವಾ ಒಂದು ಗಳಿಗಿ, ಉಣ್ಣು ಅಂದಿದ್ರ ಸಾಕಿತ್ತು. ನೀ ಸಾಲಿಗಿ ಹೋಗು. ಆದ್ರ ಕೂತು ಕಲಸು, ಹೊತ್ತಿಗಿ ಉಣ್ಣು. ಮನಿಯಾಗ ಕುಂತ್ರ ನೀ ಬರೇ ಅಂಜಿಕಿ ಉಣ್ತಿ.’

ಮಾವ ಹೊರಸಿನ ಮ್ಯಾಲ ಮಲಗಿದ್ರು. ನಿದ್ದಿ ಬಂದಿರಲಿಲ್ಲ ಅಂತ ನನಗ ಗೊತ್ತದ. ಏನೂ ಅನ್ಲಿಲ್ಲ. ಮರುದಿನ ಮುಂಜಾನಿ ಎದ್ದು ನೋಡಿದ್ರ ಅವರೇ ಬಾಜಾರಕ್ಕ ಹೋಗಿ ಶೇಂಗಾ, ಬೆಲ್ಲ, ಒಂದು ಡಜನ್ ತತ್ತಿ ತಂದಿಟ್ಟಿದ್ರು. ನಮ್ಮ ಮನ್ಯಾಗ ತತ್ತಿ ತಿನ್ನೋ ರೂಢಿ ಇರಲಿಲ್ಲ. ಅವತ್ತಿಂದ ಅದ.

ಅವತ್ತೇ ನಾನು ಸಾಲಿಗಿ ಹೋದೆ. ಹೋಗಿದ್ದು ಛಲೋ ಆಯ್ತು. ಮನ್ಯಾಗ ಇದ್ದ ದಿನ ನನ್ನ ತಲಿಯೊಳಗ ಬರೇ 8.4, 8.4. ಸಾಲ್ಯಾಗ ನಲವತ್ತು ಹುಡುಗ್ರ ಮುಂದ ಮಗ್ಗಿ ಹೇಳಸೋವಾಗ ಆ ಅಂಕಿ ನೆನಪಿಗಿ ಬರಲ್ಲ. ಹೆಡ್‌ಮಾಸ್ತರ್ರು ನನಗ ಒಂದೇ ಕಡಿ ಎರಡೂ ತರಗತಿ ಕೊಟ್ರು, ಮೆಟ್ಟಲಾ ಹತ್ತಿ ಇಳಿಯೋದು ತಪ್ಪಿತು. ಕೈಯಿದ್ದ ಖುರ್ಚಿ ತಂದು ಬೋರ್ಡಿನ ಬಾಜು ಹಾಕಿಸಿದ್ರು. ಈಗ ಬೋರ್ಡಿನ ಮ್ಯಾಲ ಬರಿಯೋದು ನಾನಲ್ಲ, ಹುಡುಗ್ರು. ನಾ ಹೇಳ್ತೀನಿ, ಅವರು ಬರೀತಾರ. ಖರೇ ಹೇಳ್ಬೇಕಂದ್ರ ಇದರಿಂದ ಅವರ ಅಕ್ಷರ ಸುಧಾರಿಸ್ಯಾವ, ಕಾಗುಣಿತ ತಪ್ಪು ಕಮ್ಮಿ ಆಗ್ಯಾವ. ನಾ ಮೊದ್ಲೇ ಹಿಂಗ ಮಾಡಬೇಕಿತ್ತು.

ಇದೆಲ್ಲ ನೋಡಿ ‘ದೇವ್ರು ನಿನಗ ಭಾಳ ಕೊಟ್ಟಾನ’ ಅಂತಾರ ಮಂದಿ. ಖರೇ ಅದ. ಆದ್ರ ಬರೇ ದೇವರಿಗಿ ಕೈ ಮುಗದ್ರ, ನಡಕಿನ ಮಂದಿಯ ಲೆಕ್ಕ ತಪ್ಪಿಹೋಗ್ತದ. ನನ್ನ ರಕ್ತ ಏರಸಿದ್ದು ಒಬ್ಬ ಆಶಾ ಅಕ್ಕ, ಒಬ್ಬ ಮೂರನೇತ್ತೆ ಹುಡುಗಿ. ನನ್ನ ಸಾಲಿಗಿ ಮುಟ್ಟಸೋದು ಬಸ್ಸು. 2023ರ ಜೂನ್ 11ರಿಂದ ನಮಗ ಟಿಕೀಟಿಲ್ಲ, ಕಂಡಕ್ಟರ್ ಮುಂದಿನ ಸೀಟು ಬಿಡಿಸಿ ಕೊಡ್ತಾನ. ಮುಂಜಾನಿ ಚಾ ಬದಲಿ ರಾಗಿ ಅಂಬಲಿ ಕಾಸಿ ಕೊಡೋದು ನಮ್ಮನಿಯವ್ರು. ರೊಟ್ಟಿ ಬಡೀಲಾಕನೂ ಕಲತಾರ, ಅಂಚು ಸೀಳ್ತಾವ, ನಡಕ ಛಲೋ ಇರ್ತಾವ. ‘ಗಂಡಸು ರೊಟ್ಟಿ ಬಡೀತಾನ’ ಅಂತ ಗಿರಣಿಗಿ ಬಂದವರು ನಕ್ಕ್ರ, ‘ಹಿಟ್ಟು ಬೀಸೋದು ಗಂಡಸೇ ಅಲ್ಲೇನ್ರಿ, ಮುಂದಿಂದು ಎರಡು ಹೆಜ್ಜಿ’ ಅಂತಾರ.

ಎಲ್ಲಾ ಛಲೋನೇ ನಡದದ ಅಂತಲ್ಲ. ಸ್ಕ್ಯಾನಿಂಗಿಗಿ ಕಲಬುರಗಿಗಿ ಹೋದಾಗ ಒಂದು ದವಾಖಾನಿಯೊಳಗ ಮೂರು ತಾಸು ನಿಂತೀನಿ. ಅಲ್ಲಿ ಬಸರ್ಯಾರು ಹದಿನೈದು ಮಂದಿ, ಬೆಂಚು ಎರಡು. ಬೆಂಚಿನ ಮ್ಯಾಲ ಕುಂತವರೊಳಗ ಅರ್ಧಕ್ಕರ್ಧ ಗಂಡಸರು. ನಮ್ಮನಿಯವ್ರು ಒಬ್ಬರಿಗಿ ‘ಅಣ್ಣಾ, ಎದ್ದು ಕೊಡ್ರಿ’ ಅಂದ್ರ, ‘ನಾವೂ ಪಾಳಿ ಹಚ್ಚೀವಿ’ ಅಂದ. ಇನ್ನೊಬ್ಬ ಸಂಬಂಧಿಕರು ‘ಗಡಿ ದಾಟಿದ್ರ ಗಂಡೋ ಹೆಣ್ಣೋ ಹೇಳ್ತಾರ, ನೋಡ್ಕೊಂಡು ಬರೋಣೇನು?’ ಅಂತ ಫೋನ್ ಹಚ್ಚಿದ್ರು. ಅದು 1994ರ ಕಾಯ್ದೆ ಪ್ರಕಾರ ಗಡಿ ಈ ಕಡಿನೂ ಅಪರಾಧ, ಆ ಕಡಿನೂ ಅಪರಾಧ ಅಂತ ಹೇಳಿ ಫೋನಿಟ್ಟೆ. ಅವರು ಕುಬಸಕ್ಕ ಬರಲಿಲ್ಲ. ಬರದಿದ್ರ ಬಿಡಲಿ.

ಈಗ ಮೂಲ ಮಾತಿಗಿ ಬರ್ತೀನಿ.

ಮುಂದಿನ ತಿಂಗಳಿಂದ ನನಗ ಹೆರಿಗಿ ರಜಾ. ಆರು ತಿಂಗಳು, ಪೂರ್ತಿ ಪಗಾರ. ಕಂಪನಿ, ಕಾರ್ಖಾನಿಯೊಳಗಿನವರಿಗೂ 1961ರ ಕಾಯ್ದೆಯೊಳಗ 12 ವಾರ ಇದ್ದದ್ದು 2017ರಾಗ 26 ವಾರ ಆಯ್ತು. ಆದ್ರ ನಮ್ಮ ಸಾಲಿ ಬಿಸಿಯೂಟದ ಅಕ್ಕ ಹಿಂದಿನ ವರ್ಷ ಹಡದು ಒಂದೂವರಿ ತಿಂಗಳಿಗೇ ಒಲಿ ಮುಂದ ಬಂದು ನಿಂತ್ಳು. ಅಕಿ ಅವ್ವ ಕೂಸಿನ್ನ ಎತ್ಕೊಂಡು ಸಾಲಿ ಕಟ್ಟಿ ಮ್ಯಾಲ ಕೂಡ್ತಿದ್ಳು, ಅನ್ನ ಬಸಿಯೋದ್ರ ನಡಕ ಅಕಿ ಬಂದು ಹಾಲು ಕುಡಿಸಿ ಹೋಗ್ತಿದ್ಳು. ಒಂದೇ ಸಾಲಿ, ಒಂದೇ ಛತ್ತು. ನನ್ನ ಹೊಟ್ಟಿಗಿ ಆರು ತಿಂಗಳು, ಅಕಿ ಹೊಟ್ಟಿಗಿ ಒಂದೂವರಿ. ಕೂಲಿಗಿ ಹೋಗೋ ಹೆಣ್ಣುಮಕ್ಕಳಿಗಿ ಅದೂ ಇಲ್ಲ. ಅವರಿಗಿ ರಜಾ ಅಂದ್ರ ಕೂಲಿ ಹೋದಂಗ.

ನಮ್ಮ ಕಲಬುರಗಿ ಜಿಲ್ಲಾ ತೊಗರಿ ಕಣಜ ಅಂತ ಹೆಸರು ಪಡದದ. 2019ರಾಗ ನಮ್ಮ ತೊಗರಿ ಬ್ಯಾಳಿಗಿ ಜಿಐ ಟ್ಯಾಗ್ ಬಂತು, ಎಲ್ಲಾರೂ ಹೆಮ್ಮಿ ಪಟ್ಟೀವಿ. ಬ್ಯಾಳಿಗಿ ಟ್ಯಾಗ್ ಸಿಕ್ತು, ಅದರ ಕಳಿ ತಗದಾಕಿಗಿ ಇನ್ನಾ ನೆಳ್ಳು ಸಿಕ್ಕಿಲ್ಲ.

ಎಳ್ಳಮಾವಾಸಿ ದಿನ ನಾವು ಏನು ಮಾಡ್ತೀವಿ ನೆನಪಿಸ್ಕೋರಿ. ಪೈರು ಹೊತ್ತು ನಿಂತ ಭೂಮಿತಾಯಿ ಬಸರಿ ಅಂತೀವಿ. ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗಿ ಕಟ್ಕೊಂಡು ಹೋಗಿ ಅಕಿ ಬಯಕಿ ತೀರಲಿ ಅಂತ ಹೊಲದ ತುಂಬ ಚರಗ ಚೆಲ್ತೀವಿ. ಭೂಮಿಗಿ ‘ಸಾಕು, ಇನ್ನ ಬೆಳೀಬ್ಯಾಡ’ ಅನ್ನಲ್ಲ. ‘ನನ್ನ ಅಜ್ಜಿ ಭೂಮಿ ಇನ್ನಾ ಜಾಸ್ತಿ ಬೆಳೀತಿತ್ತು’ ಅಂತ ಹಂಗಸಲ್ಲ. ಉಣ್ಣವ್ವಾ ಅಂತೀವಿ ಅಷ್ಟೇ. ಮಣ್ಣಿಗಿ ಗೊತ್ತು ಮಾಡೋ ಈ ಮರ್ಯಾದಿ, ಅದೇ ಹೊಲದಾಗ ಬಗ್ಗಿ ದುಡಿಯೋ ಬಸರಿಗಿ ಯಾಕ ಮಾಡಲ್ಲ?

ಈ ಸಲ ನಮ್ಮ ಹೊಲದಾಗ ತೊಗರಿ ಕೊಯ್ಲಾಕ ಬಂದವರೊಳಗ ಒಬ್ಬಾಕಿ ಆರು ತಿಂಗಳ ಬಸರಿ ಇದ್ಳು. ಅತ್ತಿ ಅಕಿನ್ನ ಕೊಯ್ಲಿಗಿ ಹಚ್ಚಲಿಲ್ಲ. ಬೇವಿನ ಗಿಡದ ಕೆಳಗ ಕೂಡಿಸಿ ಕಾಳು ಹಸನ ಮಾಡ್ಲಾಕ ಹಚ್ಚಿದ್ರು, ಕೂಲಿ ಎಲ್ಲರಷ್ಟೇ ಅಂದ್ರು. ನಮ್ಮನಿಯವ್ರು ಮೊದಲ ಹಿಂದ ಮುಂದ ನೋಡಿದ್ರು, ‘ಅವ್ವಾ, ಉಳದವರು ಸುಮ್ನಿರಲ್ಲ’ ಅಂದ್ರು. ಅವರು ಅಂದಂಗೇ ಆಯ್ತು. ‘ನೆಳ್ಳಾಗ ಕುಂತಾಕಿಗೂ ಅಷ್ಟೇ, ಬಿಸಲಾಗ ಸತ್ತವರಿಗೂ ಅಷ್ಟೇ ಏನು?’ ಅಂತ ಇಬ್ಬರು ಸಿಟ್ಟಾಗಿ ಮರುದಿನ ಬರಲಿಲ್ಲ. ಕೆಲಸ ಒಂದು ದಿನ ಹಿಂದ ಬಿತ್ತು. ಆದ್ರ ಉಳದವರೊಳಗ ವಯಸ್ಸಾದ ಒಬ್ಬಾಕಿ ಮಧ್ಯಾಹ್ನ ಉಣ್ಣೋ ಹೊತ್ತಿಗಿ ತನ್ನ ಗಂಟಿನಿಂದ ಹಿಂಡಿ ತಗದು ಆ ಹುಡುಗಿ ರೊಟ್ಟಿ ಮ್ಯಾಲ ಹಾಕಿದ್ಳು. ‘ನಮಗ ಹಿಂಗ ಯಾರೂ ಮಾಡಿಲ್ಲ’ ಅಂದ್ಳು. ಆ ಮಾತಿನ್ಯಾಗ ಹೊಟ್ಟಿಕಿಚ್ಚು ಇತ್ತೋ, ಸಮಾಧಾನ ಇತ್ತೋ, ನನಗ ತಿಳೀಲಿಲ್ಲ. ಎರಡೂ ಇದ್ದೀತು.

ಹಂಗಾಗಿ ನನ್ನ ಮಾತು ಇಷ್ಟೇ. ಮನ್ಯಾಗಿನ ಹಿರಿಯರೇ, ಬಸರಿಗಿ ‘ಕೆಲಸ ಬಿಡು’ ಅನ್ನೋ ಮೊದಲ ‘ಉಂಡಿ ಏನು, ರಕ್ತ ಎಷ್ಟದ’ ಅಂತ ಕೇಳ್ರಿ. ಹೊಲದವರೇ, ಕುಂತು ಮಾಡೋ ಕೆಲಸ ನಮ್ಮ ಒಕ್ಕಲತನದಾಗ ಬೇಕಾದಷ್ಟದ: ಶೇಂಗಾ ಬಿಡಸೋದು, ಕಾಳು ಹಸನ ಮಾಡೋದು, ಬೀಜ ಆರಸೋದು. ಅದನ್ನ ಬಸರ್ಯಾರಿಗಿ ಇಡ್ರಿ, ಕೂಲಿ ಮುರೀಬ್ಯಾಡ್ರಿ. ಪಂಚಾಯ್ತಿಯವರೇ, ಉದ್ಯೋಗ ಖಾತ್ರಿ ಕೂಲಿಯವರ ಸಣ್ಣ ಮಕ್ಕಳ ಸಲುವಾಗಿ 4,000 ಪಂಚಾಯ್ತಿಯೊಳಗ ‘ಕೂಸಿನ ಮನಿ’ ಮಾಡ್ತೀವಿ ಅಂತ ಸರಕಾರ 2023ರಾಗ ಹೇಳ್ಯಾದ. ನಿಮ್ಮ ಊರಾಗ ಅದರ ಬಾಗಲಾ ತೆರದದೋ ಇಲ್ಲೋ ಒಮ್ಮಿ ಹೋಗಿ ನೋಡ್ರಿ. ಅಕ್ಕಂದಿರೇ, ಚೊಚ್ಚಲ ಬಸರಿಗಿ ಮಾತೃ ವಂದನಾ ಯೋಜನೆಯ 5,000 ರೂಪಾಯಿ ಬರ್ತದ. ನನ್ನಂಥ ಸರಕಾರಿ ಪಗಾರದವರಿಗಿ ಅದಿಲ್ಲ, ಇರಲೂಬಾರದು, ಆದ್ರ ಕೂಲಿ ಮಾಡೋ ನಿಮಗದ. ಅಂಗನವಾಡಿಯೊಳಗ ಮಾತೃಪೂರ್ಣದ ಬಿಸಿ ಊಟ 2017ರಿಂದ ಅದ. ‘ಅಲ್ಲಿ ಹೋಗಿ ಉಂಡ್ರ ಮಂದಿ ಏನಂತಾರ’ ಅಂತ ನಾಚಬ್ಯಾಡ್ರಿ. ಅದು ನಿಮ್ಮ ಹೊಟ್ಟಿಯೊಳಗಿನ ಕೂಸಿನ ಪಾಲು.

ಋಣ ಅಂತೀವಲ್ಲ, ನಮ್ಮ ಮಾತಿನ್ಯಾಗ ಅದಕ್ಕ ಎರಡು ಅರ್ಥ. ಒಂದು, ಮಾಡಿದ ಉಪಕಾರ ನೆನೆಯೋದು. ಇನ್ನೊಂದು, ಸಾಲ. ಸಾಲ ಅಂದ ಮ್ಯಾಲ ತೀರಿಸಬೇಕು. ನನಗ ಕೊಟ್ಟವರಿಗಿ ನಾ ತಿರುಗಿ ಕೊಡಲಾಕ ಆಗಲ್ಲ. ಅತ್ತಿಗಿ ಆ ಕೂಸು ತಂದು ಕೊಡಲಾಕ ಯಾರಿಗೂ ಆಗಲ್ಲ. ಆದ್ರ ಮುಂದಿನಾಕಿಗಿ ಒಂದು ಖುರ್ಚಿ ಎಳದು ಕೊಡಬಹುದು. ರಜಾ ಮುಗಿಸಿ ಸಾಲಿಗಿ ಹೋದ ಮ್ಯಾಲ ನನ್ನ ಕೈಯಿದ್ದ ಖುರ್ಚಿ ಅಡುಗಿ ಮನಿ ಬಾಗಲಿಗಿ ಹಾಕ್ಸಬೇಕಂತ ಹೆಡ್‌ಮಾಸ್ತರ್ರಿಗಿ ಈಗ್ಲೇ ಹೇಳಿಟ್ಟೀನಿ. ಅವರು ‘ನೋಡೋಣ’ ಅಂದಾರ. ನಾ ಬಿಡಂಗಿಲ್ಲ.

ಮುಂದಿನ ವಾರ ತವರಿಗಿ ಹೋಗ್ತೀನಿ, ಅಫಜಲಪುರ ಕಡಿ. ಅವ್ವ ಆಗಲೇ ಅಂಟು, ಒಣಕೊಬ್ರಿ, ಉತ್ತತ್ತಿ ತಂದಿಟ್ಟು ದಿನಕ್ಕೆರಡು ಸಲ ಫೋನ್ ಮಾಡ್ಲಾಕತ್ತಾಳ. ಈ ಬಿಸಲಾಗ ಬಾಣಂತಾನ ಹ್ಯಾಂಗಪ್ಪಾ ಅನ್ನೋ ಚಿಂತಿ ಒಂದು ಕಡಿ ಇದ್ದೇ ಅದ. ಇನ್ನ ಬರಿಯೋದು ಕೂಸು ಬಂದ ಮ್ಯಾಲ. ಗಂಡೋ ಹೆಣ್ಣೋ, ಗಿರಣಿ ಸಪ್ಪಳಕ್ಕ ಎಚ್ಚರ ಆಗೋ ಕೂಸು ಅಂತೂ ಖರೇ.

ಗಿರಣಿ ಬಂದ್ ಆಯ್ತು. ಒಳಗಿಂದ ಅತ್ತಿ ಒದರಲಾಕತ್ತಾರ: ‘ಯವ್ವಾ, ಬರದದ್ದು ಸಾಕು. ಗುಳಿಗಿ ತಗೊಂಡಿ ಏನು?’

ತಗೋತೀನ್ರಿ ಅತ್ತೀ. ನಿಂಬಿಹಣ್ಣಿನ ನೀರಿನ ಜೋಡಿ.